ಹೆಸರು ಕೊರೆಸಿದ ಪಾತ್ರೆಗಳು

ನಮ್ಮ ಯಜಮಾನರ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಒಂದು ಬೀಡಿಯ ಚಟವೂ ಇಲ್ಲ, ಆದರೂ ನಿಲ್ಲುತ್ತಿರಲಿಲ್ಲ. ಚಿಂತಾಮಣಿಯಿಂದ ಹೊರಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರು ಮುಟ್ಟುವ ಖಾಸಗಿ ಬಸ್ಸಿಗೆ ಅವರು ಕಂಡಕ್ಟರು. ಆ ದಾರಿಯ ಪ್ರತಿ ಸ್ಟಾಪಿನಲ್ಲೂ ಅವರಿಗೊಬ್ಬ ಸ್ನೇಹಿತ, ಪ್ರತಿ ಸ್ನೇಹಿತನಿಗೂ ಒಂದು ಕಷ್ಟ. ಸಂಬಳದ ದಿನ ಗೌರಿಬಿದನೂರಿನಲ್ಲಿ ತುಂಬಿದ್ದ ಜೇಬು ಚಿಂತಾಮಣಿ ತಲುಪುವ ಹೊತ್ತಿಗೆ ಅರ್ಧವಾಗಿರುತ್ತಿತ್ತು.

“ಏನ್ರೀ, ಇನ್ನರ್ಧ ಎಲ್ಲಿ?”

“ಕೊಡ್ತಾನೆ ಕಣೇ, ಬರೋ ವಾರ ಕೊಡ್ತಾನೆ. ಪಾಪ, ಅವ್ನ ಮಗೂಗೆ ಜ್ವರ.”

ಎಂಬತ್ತರ ದಶಕದಲ್ಲಿ ಆ ರಸ್ತೆಯ ಮಕ್ಕಳಿಗೆ ಬಂದ ಜ್ವರವೆಲ್ಲ ನಮ್ಮ ಮನೆಯ ದುಡ್ಡಿನಲ್ಲೇ ವಾಸಿಯಾಗಿರಬೇಕು. ಕೊಟ್ಟ ದುಡ್ಡು ಮಾತ್ರ ವಾಪಸ್ ಬಂದ ನೆನಪಿಲ್ಲ.

ಕಷ್ಟ ಅಂದರೆ ನನಗೂ ಒಂದಿತ್ತು. ನಾವಿದ್ದದ್ದು ಚಿಂತಾಮಣಿಯ ಒಂದು ವಠಾರದಲ್ಲಿ, ಒಂದು ರೂಮು, ಒಂದು ಅಡುಗೆಮನೆ. ಎಲ್ಲ ಬಾಡಿಗೆಯವರಿಗೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ಆ ನಲ್ಲಿಗೆ ಓನರಮ್ಮ ಒಂದು ತಗಡಿನ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದ್ದರು. ಬೀಗದ ಕೈ ಅವರ ಸೊಂಟದಲ್ಲಿ. ಬೆಳಿಗ್ಗೆ ತೆರೆದು ಅರ್ಧ ಗಂಟೆಗೆ ಮುಚ್ಚುತ್ತಿದ್ದರು. ನನ್ನ ಬಿಂದಿಗೆ ಅರ್ಧ ತುಂಬಿದ್ದಾಗಲೇ ಎಷ್ಟೋ ಸಲ ಬಂದು, “ಬೋರಿನ ಕರೆಂಟು ಬಿಲ್ಲು ನಿಮ್ಮಪ್ಪ ಕಟ್ತಾರೇನಮ್ಮಾ?” ಅಂತ ತಿರುಗಿಸಿಬಿಡುತ್ತಿದ್ದರು. ನಮ್ಮಪ್ಪನ ಹೆಸರು ತೆಗೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಅರ್ಧ ಬಿಂದಿಗೆ ಎತ್ತಿಕೊಂಡು ಬರುವಾಗ ದಿನಾಲೂ ಒಂದೇ ಮಾತು ಅಂದುಕೊಳ್ಳುತ್ತಿದ್ದೆ: ನನ್ನದೇ ಒಂದು ಮನೆ ಆಗಬೇಕು, ಅದರಲ್ಲಿ ನನ್ನದೇ ಒಂದು ನಲ್ಲಿ ಇರಬೇಕು, ಅದಕ್ಕೆ ಬೀಗ ಇರಬಾರದು.

ಮನೆ ಆಗಬೇಕಾದರೆ ಮೊದಲು ಸೈಟು, ಸೈಟಿಗೆ ಮುಂಗಡ, ಮುಂಗಡಕ್ಕೆ ಉಳಿತಾಯ. ನಾನು ಮಾಡದ ಪ್ರಯತ್ನವಿಲ್ಲ. ಸಾಸಿವೆ ಡಬ್ಬಿಯಲ್ಲಿಟ್ಟೆ, ರಾಗಿ ಮೂಟೆಯಲ್ಲಿಟ್ಟೆ, ಮದುವೆ ಸೀರೆಯ ಮಡಿಕೆಯಲ್ಲಿಟ್ಟೆ. ಅವರು ಕದಿಯುತ್ತಿರಲಿಲ್ಲ, ಅದನ್ನು ಹೇಳಲೇಬೇಕು. ಎದುರಿಗೆ ಕೂತು ಯಾರದೋ ಸಂಕಟದ ಕಥೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು, ಕೊನೆಗೆ ನಾನೇ ಎದ್ದುಹೋಗಿ ಸಾಸಿವೆ ಡಬ್ಬಿ ತರುತ್ತಿದ್ದೆ. ಆಮೇಲೆ ಎರಡು ದಿನ ನನ್ನ ಮೇಲೆ ನನಗೇ ಸಿಟ್ಟು.

ಆಗ ಹೊಳೆದದ್ದು ಪಾತ್ರೆ. ಬಜಾರಿನ ಸ್ಟೀಲ್ ಅಂಗಡಿಯವರು ಪಾತ್ರೆ ಚೀಟಿ ನಡೆಸುತ್ತಿದ್ದರು. ತಿಂಗಳು ತಿಂಗಳು ಒಂದಿಷ್ಟು ಕಟ್ಟುತ್ತ ಹೋದರೆ ಚೀಟಿ ಮುಗಿದಾಗ ಬೇಕಾದ ಪಾತ್ರೆ ಆರಿಸಿಕೊಳ್ಳಬಹುದು. ನನ್ನ ಲೆಕ್ಕ ಸರಳವಾಗಿತ್ತು. ದುಡ್ಡನ್ನು ಯಾರು ಬೇಕಾದರೂ ಕೈಸಾಲ ಕೇಳುತ್ತಾರೆ. ಕೊಳಗವನ್ನು ಯಾರು ಕೇಳುತ್ತಾರೆ? ಜ್ವರ ಬಂದ ಮಗುವಿಗೆ ಸೌಟು ಕೊಟ್ಟು ಪ್ರಯೋಜನವೇನು? ಸೇರಿಸುತ್ತ ಹೋಗೋದು, ಮುಂಗಡದ ಹೊತ್ತಿಗೆ ಮಾರೋದು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಚೀಟಿ ಮೇಲೆ ಚೀಟಿ ಹಾಕಿದೆ. ಮೊದಲು ಒಂದು ಕೊಳಗ, ಆಮೇಲೆ ಅಗಲವಾದ ಬೇಸನ್ನುಗಳು, ಬಡಿಸುವ ಬಕೆಟ್ಟುಗಳು, ತಟ್ಟೆಗಳು, ಲೋಟಗಳು. ಚಿಕ್ಕವಲ್ಲ, ಎಲ್ಲ ಛತ್ರದಲ್ಲಿ ಇರುವಂಥವು. ತೂಕ ಜಾಸ್ತಿ ಇದ್ದರೆ ಬೆಲೆ ಜಾಸ್ತಿ ಅಂತ ನನ್ನ ಅಂದಾಜು. ಪ್ರತಿ ಪಾತ್ರೆ ಕೊಂಡಾಗಲೂ ಅಂಗಡಿಯವರು ಪುಕ್ಕಟೆಯಾಗಿ ಹೆಸರು ಹಾಕಿಕೊಡುತ್ತಿದ್ದರು. ಒಂದು ಪುಟ್ಟ ಮಿಷನ್ನು ಗುರ್ರ್ ಅಂತ ಸದ್ದು ಮಾಡುತ್ತ ಕಂಠದ ಹತ್ತಿರ ಅಕ್ಷರ ಕೊರೆಯುತ್ತಿತ್ತು. ಪುಕ್ಕಟೆ ಅಂದರೆ ಬಿಡುವವಳೇ ನಾನು? ಅತ್ತೆ ಮನೆಯ ಪಾತ್ರೆಗಳ ಮೇಲೆ ಅತ್ತೆಯ ಹೆಸರು, ಅಮ್ಮನ ಮನೆಯವುಗಳ ಮೇಲೆ ಅಮ್ಮನದು; ನನ್ನ ಹೆಸರು ರೇಷನ್ ಕಾರ್ಡು ಬಿಟ್ಟರೆ ಎಲ್ಲೂ ಇರಲಿಲ್ಲ. ಲೋಟಕ್ಕೂ ಹಾಕಿಸಿದೆ, ಸೌಟಿನ ಹಿಡಿಗೂ ಹಾಕಿಸಿದೆ. ಜಾಗ ಉಳಿದ ಕಡೆ ಅವರ ಹೆಸರನ್ನೂ ಸೇರಿಸಿದೆ.

ಅಟ್ಟ ತುಂಬಿತು, ಮಂಚದ ಕೆಳಗೆ ತುಂಬಿತು. ನಾವು ಕಾಲು ಮಡಚಿಕೊಂಡು ಮಲಗುವ ಸ್ಥಿತಿಗೆ ಬಂದೆವು. ಓನರಮ್ಮ ಒಂದು ದಿನ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ ಗಲ್ಲದ ಮೇಲೆ ಕೈ ಇಟ್ಟುಕೊಂಡು ತೆಲುಗು ಬೆರೆಸಿ ಅಂದರು.

“ಏಮಮ್ಮಾ ಇದಿ! ಮನೆ ತುಂಬ ಪಾತ್ರೆ, ತುಂಬ್ಸಕ್ಕೆ ನೀರಿಲ್ಲ.”

ನೀರಿಗೆ ಬೀಗ ಹಾಕಿದವರು ತಾವೇ ಅನ್ನುವುದು ಅವರಿಗೆ ನೆನಪಿತ್ತೋ ಇಲ್ಲವೋ. ಆ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡೆ. ಒಂದು ದಿನ ಇದಕ್ಕೆ ಉತ್ತರ ಕೊಟ್ಟೇ ಕೊಡುತ್ತೇನೆ ಅಂದುಕೊಂಡೆ.

ಒಂದು ಸೈಟು ಕೊನೆಗೂ ಕಣ್ಣಿಗೆ ಬಿತ್ತು. ಯುಗಾದಿಯೊಳಗೆ ಮುಂಗಡ ಕೊಟ್ಟರೆ ನಿಮಗೇ ಅಂದರು. ನಾನು ಸೆರಗು ಸಿಕ್ಕಿಸಿಕೊಂಡು ಸ್ಟೀಲ್ ಅಂಗಡಿಗೆ ನಡೆದೆ. ಅಂಗಡಿಯವರು ಕೊಳಗವನ್ನು ತಿರುಗಿಸಿ ನೋಡಿದರು, ಬೇಸನ್ನನ್ನು ತಿರುಗಿಸಿ ನೋಡಿದರು.

“ಹೆಸರು ಹಾಕ್ಸಿಬಿಟ್ಟಿದ್ದೀರಲ್ಲಮ್ಮಾ. ನಿಮ್ಮ ಹೆಸರಿರೋ ಪಾತ್ರೆ ಯಾರು ತಗೋತಾರೆ? ಗುಜರಿ ರೇಟಿಗಾದ್ರೆ ತೂಕ ಹಾಕ್ತೀನಿ.”

“ಹೆಸರು ಹಾಕಿದ್ದು ನೀವೇ ಅಲ್ವೇನ್ರೀ?”

“ನೀವು ಕೇಳಿದ್ರಿ, ಹಾಕ್ದೆ.”

ಗುಜರಿ ರೇಟಿಗೆ ಕೊಟ್ಟರೆ ಮುಂಗಡದ ಕಾಲು ಭಾಗವೂ ಹುಟ್ಟುತ್ತಿರಲಿಲ್ಲ. ಸೈಟು ಬೇರೆಯವರ ಪಾಲಾಯಿತು. ಆವತ್ತು ಮನೆಗೆ ಬಂದು ಆ ಪಾತ್ರೆಗಳ ನಡುವೆ ಕೂತು ಜೋರಾಗಿಯೇ ಅತ್ತೆ. ಯಜಮಾನರು ಬೈಯಲಿಲ್ಲ, ನಗಲಿಲ್ಲ. ಪಕ್ಕದಲ್ಲಿ ಕೂತು ಒಂದು ಲೋಟ ಎತ್ತಿ ಅದರ ಮೇಲಿನ ಹೆಸರು ಓದಿದರು. “ಅಕ್ಷರ ಚೆನ್ನಾಗೇ ಬಂದಿದೆ ಕಣೇ” ಅಂದರು. ಲೋಟ ಕಿತ್ತುಕೊಂಡು ಎಸೆದೆ. ಸೊಟ್ಟಗಾದ ಆ ಲೋಟ ಇವತ್ತಿಗೂ ನಮ್ಮ ಮನೆಯಲ್ಲಿದೆ.

ಅದೇ ವಾರ ಶಿಡ್ಲಘಟ್ಟದ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಒಂದು ಮನೆಯವರು ಇವರ ಬಸ್ಸು ಹತ್ತಿದರಂತೆ. ಮಗಳ ಸೀಮಂತ, ಶಾಮಿಯಾನದವರು ಪಾತ್ರೆಗೆ ಬಾಯಿಗೆ ಬಂದ ಬಾಡಿಗೆ ಹೇಳುತ್ತಿದ್ದಾರೆ ಅಂತ ಗೋಳಾಡಿಕೊಂಡರಂತೆ. ಇವರು ಎಂದಿನಂತೆ, “ನಮ್ಮನೇಲಿವೆ, ತಗೊಂಡೋಗಿ” ಅಂದುಬಂದರು. ಕೊಳಗವನ್ನು ಯಾರೂ ಕೈಸಾಲ ಕೇಳೋದಿಲ್ಲ ಅಂತ ನಾನು ಅಂದುಕೊಂಡಿದ್ದನ್ನು ನೆನೆದು ಹಣೆ ಚಚ್ಚಿಕೊಂಡೆ. ಆದರೆ ಮಾತು ಕೊಟ್ಟುಬಿಟ್ಟಿದ್ದಾರೆ. ಪಾತ್ರೆಗಳು ಬಸ್ಸಿನ ಟಾಪ್ ಏರಿ ಹೋದವು. ಎರಡು ದಿನ ಬಿಟ್ಟು, ಒಂದು ಸೌಟೂ ಕಾಣೆಯಾಗದೆ, ಬೆಳ್ಳಗೆ ತಿಕ್ಕಿಸಿಕೊಂಡು ವಾಪಸ್ ಬಂದವು. ಹೆಸರಿದ್ದದ್ದರಿಂದ ಬೇರೆಯವರ ಪಾತ್ರೆಗಳ ಜೊತೆ ಬೆರೆತುಹೋಗಲಿಲ್ಲ. ದುಡ್ಡು ವಾಪಸ್ ಬಾರದ ದಾರಿಯಲ್ಲಿ ಪಾತ್ರೆ ವಾಪಸ್ ಬಂದಿತ್ತು! ಅಷ್ಟೇ ಅಲ್ಲ, ಕೊಳಗದೊಳಗೆ ತೆಂಗಿನಕಾಯಿ, ಬೆಲ್ಲದ ಅಚ್ಚು, ಒಂದು ಸೇರು ಅವರೆಕಾಳು. ತಂದ ಪಾತ್ರೆಯನ್ನು ಖಾಲಿ ಕೊಡಬಾರದಲ್ಲ, ನಮ್ಮ ಕಡೆ ಯಾರೂ ಕೊಡುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿಯೇ ಹಿಂತಿರುಗಿಸುತ್ತಾರೆ.

ಆವತ್ತಿನಿಂದ ನಾನು ಬಾಡಿಗೆಗೆ ಕೊಡಲು ಶುರುಮಾಡಿದೆ. ಶಾಮಿಯಾನದವರ ಅರ್ಧ ರೇಟು. ಯಜಮಾನರು ಬಾಡಿಗೆ ಮಾತಾಡಕೂಡದು ಅಂತ ಮೊದಲೇ ಹೇಳಿಬಿಟ್ಟೆ. ಅವರ ಕೆಲಸ ಟಾಪಿಗೆ ಏರಿಸುವುದು, ಇಳಿಸುವುದು. ನಾಮಕರಣ, ಸೀಮಂತ, ತಿಥಿ, ಹೊಸ ಮನೆ, ಹೀಗೆ ಶ್ರೀಮಂತರಲ್ಲದವರ ಮನೆಯ ಶುಭ ಅಶುಭಗಳಿಗೆಲ್ಲ ನನ್ನ ಹೆಸರು ಓಡಾಡಿತು. ನಾನು ಕಾಲಿಡದ ಊರುಗಳಿಗೂ ಹೋಗಿಬಂತು. ಪ್ರತಿ ಸಲವೂ ಬಾಡಿಗೆಯ ಜೊತೆಗೆ ಪಾತ್ರೆಯೊಳಗೆ ಏನಾದರೊಂದು. ಚಿಕ್ಕಬಳ್ಳಾಪುರದಿಂದ ದ್ರಾಕ್ಷಿ, ಕೈವಾರದ ಕಡೆಯಿಂದ ರಾಗಿ, ಕಡಲೆಕಾಯಿ, ಅಲೀಪುರದ ಒಂದು ಮನೆಯಿಂದ ಬೇಸನ್ನಿನ ತುಂಬ ಖರ್ಜೂರ. ಮೂರು ದಿನ ಊಟಕ್ಕೆ ಮುಂಚೆ ಖರ್ಜೂರ, ಊಟವಾದ ಮೇಲೆ ಖರ್ಜೂರ.

ನಿಜವಾದ ಉಳಿತಾಯ ಆದದ್ದು ಅಲ್ಲಿ. ಬಾಡಿಗೆ ಏನು ಮಹಾ, ಚಿಲ್ಲರೆ ಕಾಸು. ಆದರೆ ಕಾಳು, ಬೆಲ್ಲ, ಹುಣಸೆಹಣ್ಣು, ಎಣ್ಣೆಗೆ ದಿನಸಿ ಅಂಗಡಿಗೆ ಹೋಗುವುದು ಅಪರೂಪವಾಯಿತು. ದಿನಸಿಗೆ ಹೋಗುತ್ತಿದ್ದ ಸಂಬಳದ ಭಾಗ ಹಾಗೇ ಉಳಿಯತೊಡಗಿತು. ಅದನ್ನು ನಾನು ಸಾಸಿವೆ ಡಬ್ಬಿಯಲ್ಲಿಡುವ ತಪ್ಪು ಮತ್ತೆ ಮಾಡಲಿಲ್ಲ. ನೆಟ್ಟಗೆ ಪೋಸ್ಟಾಫೀಸಿಗೆ ಒಯ್ದು ನನ್ನ ಹೆಸರಿನಲ್ಲಿ ಕಟ್ಟಿದೆ. ಅಲ್ಲಿ ಯಾರ ಕಥೆ ಕೇಳಿ ಅತ್ತರೂ ಅವಧಿ ಮುಗಿಯುವ ತನಕ ದುಡ್ಡು ಕೈಗೆ ಬರುವುದಿಲ್ಲ. ಎಂಥ ಒಳ್ಳೆ ಕಾನೂನು!

ವರ್ಷಗಳೇ ಹಿಡಿದವು. ತೊಂಬತ್ತರ ದಶಕ ಶುರುವಾದ ಮೇಲೆ, ಊರಾಚೆ ಕೈವಾರದ ರಸ್ತೆ ಕಡೆ ಒಂದು ಪುಟ್ಟ ಸೈಟು ಕೊಂಡೆವು. ಬಾಡಿಗೆ ಉಳಿಯಲಿ ಅಂತ ವಠಾರ ಬಿಟ್ಟು ಸೈಟಿನಲ್ಲೇ ಶೆಡ್ಡು ಹಾಕಿಕೊಂಡೆವು. ಒಂದು ಹಾಲು, ಒಂದು ರೂಮು, ಅಡುಗೆಮನೆ ಎದ್ದಿತು. ಅಡುಗೆಮನೆಗೆ ನಲ್ಲಿ ಹಾಕಿದ ದಿನ ತಿರುಗಿಸಿದೆ, ನೀರು ಬಂತು, ಮುಚ್ಚಿದೆ, ನಿಂತಿತು. ಮತ್ತೆ ತಿರುಗಿಸಿದೆ. ಗಾರೆಯವರು ನಗುತ್ತಿದ್ದರು, ನಗಲಿ.

ಗೃಹಪ್ರವೇಶಕ್ಕೆ ಒಳ್ಳೆ ಮುಹೂರ್ತ ನೋಡಿಸಿ ದಿನ ಗೊತ್ತುಮಾಡಿ, ಊಟಕ್ಕೆ ಜನವನ್ನೂ ಕರೆದಾಯಿತು. ಹಿಂದಿನ ವಾರ ಯಜಮಾನರು ನನ್ನ ಎದುರು ಬಂದು ತಲೆ ಕೆರೆದುಕೊಂಡು ನಿಂತರು.

“ಆವತ್ತಿಗೆ ನಮ್ ಪಾತ್ರೆ ಇರಲ್ಲ ಕಣೇ.”

ಅವರ ಬಸ್ಸಿನ ಕ್ಲೀನರನ ತಂಗಿಗೆ ಅದೇ ದಿನ ನಗರಗೆರೆಯಲ್ಲಿ ಮದುವೆ. ಒಳ್ಳೆ ಮುಹೂರ್ತ ನಮ್ಮೊಬ್ಬರಿಗೇ ಇರುತ್ತದೆಯೇ? ಎರಡು ತಿಂಗಳ ಹಿಂದೆಯೇ ಮಾತು ಕೊಟ್ಟಿದ್ದಾರೆ. ಬಾಡಿಗೆಯೂ ಇಲ್ಲ, ಪುಕ್ಕಟೆ. ನಾನು ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲ ಅಂದಾದ ಮೇಲೆ ಅವರು, “ಆ ಹುಡ್ಗಿಗೆ ಮದ್ವೆ ಒಂದೇ ಸಲ ಕಣೇ” ಅಂದರು. “ನನಗೂ ಮನೆ ಒಂದೇ ಸಲ!” ಅಂತ ಕಿರುಚಿದೆ. ಆದರೆ ಪಾತ್ರೆಗಳನ್ನು ಕಟ್ಟಿಕೊಟ್ಟವಳೂ ನಾನೇ.

ಶಾಮಿಯಾನದವರಲ್ಲೂ ಆವತ್ತಿಗೆ ಏನೂ ಉಳಿದಿರಲಿಲ್ಲ. ಸಿಕ್ಕಸಿಕ್ಕವರ ಹತ್ತಿರ ಒಂದೊಂದು ಸಾಮಾನು ಜೋಡಿಸಿಕೊಂಡೆ. ಸಾರಿಗೆ ಮಾತ್ರ ದೊಡ್ಡ ಕೊಳಗವಿರಲಿಲ್ಲ. ಅಂಥದ್ದು ಇದ್ದದ್ದು ಓನರಮ್ಮನ ಮನೆಯಲ್ಲಿ, ಕಲಾಯಿ ಹಾಕಿಸಿದ ಹಿತ್ತಾಳೆಯದು. ನಾಚಿಕೆ ಬಿಟ್ಟು ಅವರ ಬೀದಿ ಬಾಗಿಲಿಗೆ ಹೋಗಿ ನಿಂತೆ, ವಠಾರದ ಅಂಗಳಕ್ಕೆ ಮಾತ್ರ ಕಾಲಿಡಲಿಲ್ಲ.

“ಊರಿಗೆಲ್ಲ ಪಾತ್ರೆ ಕೊಡೋಳು, ನನ್ ಹತ್ರ ಬಂದ್ಯೇನಮ್ಮಾ?” ಅಂದರು. ಆದರೂ ಒಳಗಿನಿಂದ ಉರುಳಿಸಿಕೊಂಡು ತಂದುಕೊಟ್ಟರು. ಮೊಣಕಾಲು ನೋವು ಅಂತ ಗೃಹಪ್ರವೇಶಕ್ಕೆ ಬರಲಿಲ್ಲ.

ಹಾಲು ಉಕ್ಕಿತು, ಊಟ ಮುಗಿಯಿತು. ಈಗ ಅವರ ಕೊಳಗ ತಿರುಗಿ ಕೊಡಬೇಕು, ಖಾಲಿ ಕೊಡುವ ಹಾಗಿಲ್ಲ. ಯಜಮಾನರು ಸಕ್ಕರೆ ತಂದಿಟ್ಟಿದ್ದರು. ನನಗೆ ಮಾತ್ರ ಗಂಟು ಹಾಕಿ ಇಟ್ಟುಕೊಂಡಿದ್ದ ಮಾತು ನೆನಪಿಗೆ ಬಂತು. ಕೊಳಗವನ್ನು ನನ್ನ ನಲ್ಲಿಯ ಕೆಳಗಿಟ್ಟು ತಿರುಗಿಸಿದೆ.

“ಬೇಡ ಕಣೇ, ವಯಸ್ಸಾದೋರು.”

“ಸುಮ್ನೆ ಹಿಡ್ಕೊಳ್ಳಿ” ಅಂದೆ.

ಆಟೋದಲ್ಲಿ ಇಬ್ಬರೂ ಆಚೆ ಈಚೆ ಹಿಡಿದುಕೊಂಡು ಕೂತೆವು. ಪ್ರತಿ ಹಳ್ಳಕ್ಕೂ ನೀರು ನಮ್ಮ ಮಡಿಲಿಗೆ ತುಳುಕುತ್ತಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ: ‘ನೋಡಿ ಅಕ್ಕ, ಪಾತ್ರೆ ತುಂಬ್ಸಕ್ಕೆ ಈಗ ನೀರೂ ಇದೆ, ಬೀಗ ಇಲ್ಲ.’

ಕೊಳಗವನ್ನು ಅಂಗಳಕ್ಕೆ ಹೊತ್ತು ತಂದರೆ ವಠಾರ ಭಣಗುಡುತ್ತಿತ್ತು. ನಾವಿದ್ದ ರೂಮಿಗೂ, ಅದರ ಪಕ್ಕದ ರೂಮುಗಳಿಗೂ ಹೊರಗಿನಿಂದ ಬೀಗ. ನಲ್ಲಿಯ ತಗಡಿನ ಪೆಟ್ಟಿಗೆ ಮಾತ್ರ ಬಾಯಿ ತೆರೆದುಕೊಂಡು ಬಿದ್ದಿತ್ತು. ಓನರಮ್ಮ ಬಂದು ಕೊಳಗದೊಳಗೆ ಬಗ್ಗಿ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಲೋಟ ಅದ್ದಿ ಎತ್ತಿ, ನಿಂತಲ್ಲೇ ಗಟಗಟ ಕುಡಿದರು. ಇನ್ನೊಂದು ಲೋಟ ಕುಡಿದರು.

“ಸಿಹಿನೀರು ಕಣಮ್ಮಾ” ಅಂದರು. “ನಮ್ ಬೋರು ಕೆಟ್ಟೋಯ್ತು. ಬರೀ ಉಪ್ಪು. ಬಾಡಿಗೆಯೋರೆಲ್ಲ ಖಾಲಿ ಮಾಡ್ಕೊಂಡು ಹೋದ್ರು. ನಿಂಗೆ ಯಾರು ಹೇಳಿದ್ರು, ನೀರು ತಂದ್ಯಲ್ಲಾ?”

ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಬಿಟ್ಟು, ಅವರ ಬಿಂದಿಗೆಗಳನ್ನು ಕೊಳಗದ ಪಕ್ಕಕ್ಕೆ ತಂದಿಟ್ಟೆ. ಯಜಮಾನರು ಎತ್ತಲೋ ನೋಡುತ್ತಿದ್ದರು. ಓನರಮ್ಮ ಒಂದು ಹನಿಯೂ ಚೆಲ್ಲದಂತೆ ಕೊಳಗದ ನೀರನ್ನು ಅವುಗಳಿಗೆ ತುಂಬಿಕೊಳ್ಳತೊಡಗಿದರು. ಅವರು ಬಗ್ಗಲು ಕಷ್ಟಪಡುವುದನ್ನು ನೋಡಲಾರದೆ ಉಳಿದದ್ದನ್ನು ನಾನೇ ಎತ್ತಿ ಹೊಯ್ದೆ. ನನ್ನ ಕಣ್ಣು ಯಾಕೆ ತುಂಬಿತೋ ಗೊತ್ತಿಲ್ಲ, ಇಷ್ಟು ವರ್ಷ ಅವರ ಮೇಲಿದ್ದ ಸಿಟ್ಟು ಮಾತ್ರ ಅಲ್ಲೇ ಇಳಿದುಹೋಯಿತು.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡು, “ದಿನಾ ಬಸ್ಸಿಗೆ ಬರುವಾಗ ನಿನ್ ಯಜಮಾನ್ರ ಕೈಲಿ ಒಂದ್ ಬಿಂದಿಗೆ ಕಳಿಸ್ತೀಯಾ? ದುಡ್ಡು ಕೊಡ್ತೀನಿ” ಅಂದರು.

ನಾನಾಗಿ ಒಂದು ಸೌಟನ್ನೂ ಬಾಡಿಗೆಯಿಲ್ಲದೆ ಕೊಟ್ಟವಳಲ್ಲ. “ದುಡ್ಡು ಬೇಡ ಅಕ್ಕ” ಅಂದೆ. “ಬಿಂದಿಗೆ ಖಾಲಿ ಕಳಿಸ್ಬೇಡಿ, ಅಷ್ಟೆ.”