ಬೋರಕ್ಕನ ತಿಪ್ಪೆ

ಚಳ್ಳಕೆರೆಯ ಹೊರಗಿನ ಗೋಮಾಳದಲ್ಲಿ ಎರಡು ಕಡೆ ಬಿದಿರು ನೆಟ್ಟು ಮೇಲೊಂದು ಹಗ್ಗ ಬಿಗಿದ ದಿನವೇ ಅಜ್ಜಪ್ಪ ಸಾಹುಕಾರರು ಅದಕ್ಕೆ ಕ್ರೀಡಾಂಗಣ ಎಂದು ಹೆಸರಿಟ್ಟರು. ಇದು ೧೯೧೨ರ ಸುಮಾರಿನ ಮಾತು. ಹತ್ತಿ ವ್ಯಾಪಾರಕ್ಕೆಂದು ಬೆಂಗಳೂರಿಗೆ ಹೋದಾಗ ದಂಡಿನ ಸೋಲ್ಜರುಗಳು ಫುಟ್‌ಬಾಲ್ ಆಡುವುದನ್ನು ಅವರು ಕಂಡಿದ್ದರು. ಕಂಡದ್ದು ಒಂದೇ ಆಟ, ಅದೂ ಅರ್ಧ. ಊರಲ್ಲಿ ಬೇರೆಯವರು ಅಷ್ಟೂ ಕಂಡಿರಲಿಲ್ಲವಾದ್ದರಿಂದ ಕ್ಲಬ್ಬಿನ ಅಧ್ಯಕ್ಷರು ಅವರೇ, ಸೀಟಿ ಊದುವವರೂ ಅವರೇ.

ಆ ಅಂಗಣಕ್ಕೆ ಇದ್ದದ್ದು ಒಂದೇ ಐಬು. ಪಡುವಣ ಅಂಚಿನಲ್ಲಿ ಬೋರಕ್ಕನ ತಿಪ್ಪೆ ಇತ್ತು. ದನಕುರಿ ಹೆಚ್ಚಿದ್ದ ಮನೆ, ತಿಪ್ಪೆಯೂ ಆಳೆತ್ತರ. ಮೊದಮೊದಲು ಚೆಂಡು ತಿಪ್ಪೆಗೆ ಬಿದ್ದಾಗ ಬೋರಕ್ಕ ಬಂದದ್ದು ಬೈಯಲಿಕ್ಕೇ. ಬೈಯುತ್ತ ಮೇಲೆ ಹತ್ತಿ ನಿಂತಳು. ಕೆಳಗೆ ನಿಂತವರಿಗೆ ಬರೀ ಧೂಳು, ಮುಂದಿನವರ ಬೆನ್ನು; ಮೇಲಿಂದ ಎರಡೂ ಗೋಲು ಅಂಗೈಯಲ್ಲಿಟ್ಟಂತೆ ಕಂಡವು. ಅಂದಿನಿಂದ ಅವಳ ಮನೆಯ ಸಗಣಿ ಬೆಳಗಿನ ಬದಲು ಸಂಜೆ ಆಟದ ಹೊತ್ತಿಗೆ ತಿಪ್ಪೆ ಸೇರತೊಡಗಿತು. ಓಣಿಯ ಹೆಂಗಸರೂ ಬುಟ್ಟಿ ಹೊತ್ತು ಹಿಂದೆ ಬಂದರು. ಎಲ್ಲರೂ ಬುಟ್ಟಿ ಬೋರಲು ಹಾಕಿ ಕೂರುವವರೇ.

ಮೊಳಕಾಲ್ಮುರಿನ ತಂಡ ಆಡಲು ಬರುವುದೆಂದಾಯಿತು. ಚಿತ್ರದುರ್ಗದಿಂದ ದೊಡ್ಡ ಅಧಿಕಾರಿಯೊಬ್ಬರು ನೋಡಲು ಬರುವವರಿದ್ದರು. ಆಟದ ದಿನ ಬೆಳಗ್ಗೆ ಸಾಹುಕಾರರ ಆಳು ಮರುಳಪ್ಪ ಬೋರಕ್ಕನ ಬಾಗಿಲಿಗೆ ಬಂದ.

"ಅಕ್ಕಾ, ಸಂಜೆ ಒಳಗೆ ತಿಪ್ಪೆ ಎತ್ತಬೇಕಂತೆ. ಸಾಹೇಬ್ರ ಕುರ್ಚಿ ಕಡೀಗೆ ವಾಸ್ನೆ ಹೊಡೀತೈತಂತೆ."

"ಇವತ್ತು ಏನು ವಾರ್ಲಾ?"

"ಸ್ವಾಮಾರ."

"ಸ್ವಾಮಾರ ಗಾಡಿ ಹೂಡ್ತಾರೇನ್ಲಾ?"

ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಊರಿಗೆ ಊರೇ ಬಿಡುವಾಗಿರುತ್ತದೆಂದು, ಜನ ಕಿಕ್ಕಿರಿಯಲೆಂದು, ಸಾಹುಕಾರರು ಬಹಳ ಯೋಚಿಸಿ ಸೋಮವಾರವನ್ನೇ ಗೊತ್ತುಮಾಡಿದ್ದರು. ಗಾಡಿಯೂ ಬಿಡುವಾಗಿರುತ್ತದೆಂಬುದು ಆ ಯೋಚನೆಯಲ್ಲಿ ಬಂದಿರಲಿಲ್ಲ.

ಕೊನೆಗೆ ಸಾಹುಕಾರರೇ ಕೋಟು ತೊಟ್ಟು ಬಂದರು. "ಬುಟ್ಟೀಲಿ ಹೊರಿಸು."

"ಹೊತ್ತೋರು ಆಟ ನೋಡೋದು ಯಾವಾಗ, ಸಾವ್ಕಾರ್ರೆ?"

"ಹೆಂಗಸ್ರಿಗೆ ಆಟದಾಗೆ ಏನು ತಿಳೀತೈತೆ?"

"ಹೋದ ವಾರ ಹಗ್ಗದ ಮೇಲೆ ಹೋದ ಚೆಂಡನ್ನ ಗೋಲು ಅಂದ್ರಲ್ಲ, ಅಷ್ಟು ತಿಳೀತು."

ಸಾಹುಕಾರರು ಕೋಟಿನ ಗುಂಡಿ ಸರಿಮಾಡಿಕೊಂಡು ಹೊರಟುಹೋದರು.

ಸಂಜೆ ಹೆಂಗಸರು ಬರುವಷ್ಟರಲ್ಲಿ ತಿಪ್ಪೆಯ ಮುಂದೆ ಉದ್ದಕ್ಕೂ ಶಾಮಿಯಾನದ ಪರದೆ ಎದ್ದಿತ್ತು. ಬಯಲಿನ ನೆಲ ಕಲ್ಲಿನಂತಿದ್ದುದರಿಂದ ಮರುಳಪ್ಪ ಗೂಟಗಳನ್ನು ತಿಪ್ಪೆಗೇ ಹೊಡೆದಿದ್ದ. ಮೇಲೆ ಹತ್ತಿದರೆ ಕಾಣುವುದು ಕೆಂಪು ಬಟ್ಟೆ ಮಾತ್ರ. ಬೋರಕ್ಕ ಬುಟ್ಟಿ ಇಳಿಸಿದಳು.

"ಮರುಳಪ್ಪಾ, ತಿಪ್ಪೆ ಯಾರ್ದು?"

"ನಿಮ್ದೇ ಅಕ್ಕಾ."

"ಗೂಟ?"

"ಸಾವ್ಕಾರ್ರದು."

"ಕಿತ್ಕೊಂಡೋಗು."

ಅವನು ಅತ್ತಿತ್ತ ನೋಡುತ್ತ ನಿಂತ. ಬೋರಕ್ಕ ತಾನೇ ಕಿತ್ತಳು. ಹಸಿ ಗೊಬ್ಬರಕ್ಕೆ ಹೊಡೆದ ಗೂಟ, ಕಷ್ಟವೇನಾಗಲಿಲ್ಲ. ಬಟ್ಟೆಯನ್ನು ಜೋಪಾನವಾಗಿ ಮಡಚಿ, ತಿಪ್ಪೆಯ ಮೇಲೆ ಹಾಸಿ, ನಡುಮಧ್ಯೆ ಕೂತಳು. ಉಳಿದವರು ಸುತ್ತ ಕೂತರು. ಮೈದಾನದ ನಡುವೆ ಸೀಟಿ ಬಾಯಲ್ಲಿಟ್ಟುಕೊಂಡಿದ್ದ ಸಾಹುಕಾರರು ಇದನ್ನು ಕಂಡು ಅವಳನ್ನು ಗದರಿಸಲು ಜೋರಾಗಿ ಊದಿದರು. ಆಟ ಶುರುವಾಯಿತೆಂದುಕೊಂಡು ಮೊಳಕಾಲ್ಮುರಿನವರು ಚೆಂಡು ಒದ್ದೇಬಿಟ್ಟರು.

ಅರ್ಧ ಆಟದ ಬಿಡುವಿನಲ್ಲಿ ಅಧಿಕಾರಿಗಳು ಕೇಳಿದರು: "ಅಲ್ಲಿ ಎತ್ತರದಲ್ಲಿ ಕೂತವರು ಯಾರು?"

"ನಮ್ಮ ಕ್ಲಬ್ಬಿನ ಗ್ಯಾಲರಿ ಸ್ವಾಮಿ," ಎಂದರು ಸಾಹುಕಾರರು, ತಾವೇ ಕಟ್ಟಿಸಿದವರಂತೆ.

ಚಳ್ಳಕೆರೆ ಸೋತಿತು. ಬೋರಕ್ಕ ಹನ್ನೊಂದು ಮಂದಿಯನ್ನೂ ಹೆಸರು ಹಿಡಿದು ಬೈದಳು.

ಮಾರನೆಯ ದಿನ ಮರುಳಪ್ಪನ ಎದುರು ಸಾಹುಕಾರರು ಸಮಾಧಾನ ಹೇಳಿಕೊಂಡರು. "ಬಿತ್ತನೆ ಬರ್ಲಿ. ತಿಪ್ಪೆ ತಾನಾಗೇ ಹೊಲಕ್ಕೆ ಹೋಗ್ತೈತೆ." ಮಾತು ಸುಳ್ಳಲ್ಲ. ಮುಂಗಾರಿಗೆ ಮುಂಚೆ ಊರ ಉಳಿದ ತಿಪ್ಪೆಗಳೆಲ್ಲ ಗಾಡಿ ಹತ್ತಿ ಖಾಲಿಯಾದವು. ಒಂದು ಸಂಜೆ ಬೋರಕ್ಕನ ಗಂಡ ಪಾತಣ್ಣನೂ ಗಾಡಿ ತಂದು ನಿಲ್ಲಿಸಿದ. ಅಂದು ಸೋಮವಾರವಲ್ಲ. ಬೋರಕ್ಕ ಮೇಲೆ ಕೂತಿದ್ದಳು.

"ಇಳಿಯೇ, ಗೊಬ್ಬರ ತುಂಬಬೇಕು."

"ಹಟ್ಟಿ ಹಿಂದ್ಲ ಕುರಿಗೊಬ್ಬರ ಹೊಡಿ."

"ಅದು ಅರ್ಧ ಹೊಲಕ್ಕೂ ಸಾಲಲ್ಲ."

"ಅರ್ಧಕ್ಕೇ ಹಾಕು."

"ನವಣೆ ಕಮ್ಮಿ ಬಂದ್ರೆ ಉಣ್ಣೋದೇನು?"

"ಕಮ್ಮಿ ಉಣ್ಣಾನ. ಕೆಳಗೆ ನಿಂತು ಇವರ ಬೆನ್ನು ನೋಡಾಕೆ ನಾನೊಲ್ಲೆ."

"ಊರು ನಗ್ತೈತೆ ಕಣೇ."

"ನಗ್ಲಿ. ಮೇಲಿಂದ ಅದೂ ಕಾಣ್ತೈತೆ."

ಹೀಗೆ ಕೂಗಾಡಿದರೆ ಬಗೆಹರಿಯದೆಂದು ಪಾತಣ್ಣ ಜಗಳವಾಡಲು ಮೇಲೆ ಹತ್ತಿದ. ಬಾಯಿ ತೆರೆದ. ಅಷ್ಟರಲ್ಲಿ ಕೆಳಗೆ ಯಾರೋ ಚೆಂಡನ್ನು ಈ ಗೋಲಿನಿಂದ ಆ ಗೋಲಿನವರೆಗೆ ಒದ್ದರು. ಅದು ಹೋದ ದಾರಿಯನ್ನು ನೋಡುತ್ತ ಅವನು ಸ್ವಲ್ಪ ಹೊತ್ತು ನಿಂತ.

"ಒಂದೀಟು ಅತ್ತ ಸರಿ," ಎಂದ.

"ಸರಿಯಾಕೊಲ್ಲೆ," ಎಂದಳು ಬೋರಕ್ಕ. "ಆ ಕಡೆ ಜಾಗ ಐತೆ, ಕೂತ್ಕೋ."