ಕಾಮಣ್ಣನ ಪುಟ

ಉಗಾರ ಬುದ್ರುಕದ ಹಾಜಿಮಲಂಗ ಎಂಬವನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ಟರ್ನರ್ ಆಗಿದ್ದ. ಲೇಥ್ ಮಶೀನು ಬಿಟ್ಟರೆ ಅವನ ಜೀವವೆಲ್ಲ ಕುಶಲ ಕಾರ್ಮಿಕರ ಸಂಘದ ತಿಂಗಳ ಪತ್ರಿಕೆಯಲ್ಲಿತ್ತು. ಅದಕ್ಕೆ ‘ಪಾನಾ’ ಎಂದು ನಟ್ಟು ಬಿಗಿಯುವ ಸಲಕರಣೆಯ ಹೆಸರನ್ನೇ ಇಟ್ಟಿದ್ದರು. ಬರೆಯುವವನೂ ಅವನೇ, ಸೈಕಲ್ಲಿನ ಮೇಲೆ ಹೇರಿಕೊಂಡು ಹಂಚುವವನೂ ಅವನೇ. ಸಂಘಕ್ಕೆ ಐವತ್ತು ತುಂಬಿದಾಗ ಅದರ ಚರಿತ್ರೆ ಬರೆಯುವ ಕೆಲಸವೂ ಅವನ ಪಾಲಿಗೇ ಬಂತು.

ಹಳೆಯ ಸಂಚಿಕೆಗಳನ್ನು ಹರವಿಕೊಂಡು ಒಂದು ವರ್ಷ ಬರೆದ. ವೆಲ್ಡರ್ ಕಾಮಣ್ಣನಿಗೂ ಒಂದು ಪುಟ ಇಟ್ಟ. ಪೈಪಿನಲ್ಲಿ ಸ್ಟೀಮ್ ಇನ್ನೂ ಇದೆ, ವೆಲ್ಡಿಂಗ್ ಮಾಡುವುದಿಲ್ಲ ಎಂದವನನ್ನು ಕಾರ್ಖಾನೆಯ ಸಾಹೇಬರು ಬೈದು ಕೆಲಸಕ್ಕೆ ಹಚ್ಚಿದ್ದರು. ಪೈಪು ಸಿಡಿದು ಕಾಮಣ್ಣ ಬೆಂದುಹೋದ. ಹಾಜಿಮಲಂಗ ಆಗ ಅಲ್ಲೇ ನಿಂತಿದ್ದ.

ಸಂಘದ ಅಧ್ಯಕ್ಷ ಬಾಳಾಸಾಬ ಆ ಪುಟ ಓದಿ ಮುಖ ಗಂಟು ಹಾಕಿದ.

“ಇದನ್ನ ತೆಗೀರಿ ಮಲಂಗಭಾಯಿ. ಪುಸ್ತಕ ಅಚ್ಚ ಹಾಕ್ಸಾವ್ರು ಕಾರಖಾನಿಯವ್ರ ಅದಾರ.”

“ಅದನ್ನ ತೆಗದ್ರ ನನ್ನ ಹೆಸರೂ ತೆಗೀರಿ.”

“ಆತ್ ಬಿಡ್ರಿ, ಇರ್ಲಿ,” ಎಂದ ಬಾಳಾಸಾಬ. ಹಾಜಿಮಲಂಗ ನಂಬಿದ.

ಪುಸ್ತಕ ಬಿಡುಗಡೆಯ ದಿನ ಕಾಮಣ್ಣನ ಹೆಂಡತಿ ಹೊಳೆವ್ವ ಮಗಳು ರಾಜೇಶ್ವರಿಯ ಜೊತೆ ಮುಗಳಖೋಡದಿಂದ ಬಂದಿದ್ದಳು. ಅವಳಿಗೆ ಓದಲು ಬಾರದು. ಪುಸ್ತಕವನ್ನು ಹಾಜಿಮಲಂಗನ ಕೈಗಿಟ್ಟಳು.

“ಅಣ್ಣಾ, ನಮ್ಮ ಯಜಮಾನ್ರದು ಎಲ್ಲಿ ಐತಿ? ಒಂದೀಟು ಓದಿ ಹೇಳ್ರಿ.”

ಅವನು ಆ ಪುಟ ತೆರೆದ. ಕಾಮಣ್ಣ ಕುಡಿದು ಕೆಲಸಕ್ಕೆ ಬಂದು ತನ್ನ ತಪ್ಪಿನಿಂದಲೇ ಸತ್ತ ಎಂದು ಅಲ್ಲಿತ್ತು. ಅವಳು ಕಾಯುತ್ತಿದ್ದಳು. ಅವನು ತಾನು ಬರೆದಿದ್ದನ್ನೇ ನೆನಪಿನಿಂದ ಓದಿದಂತೆ ಹೇಳುತ್ತ ಹೋದ. ಹೊಳೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಗ್ಗಿ ನೋಡುತ್ತಿದ್ದ ರಾಜೇಶ್ವರಿ ಪುಸ್ತಕ ಕಸಿದುಕೊಂಡಳು. “ಇಲ್ಲಿ ಹಂಗ ಇಲ್ಲಲ್ಲ ಕಾಕಾ.” ಅಚ್ಚಾದದ್ದನ್ನು ಅವ್ವನಿಗೆ ಕೇಳುವಂತೆ ಓದಿದಳು.

“ಅದು ನಾ ಬರದದ್ದಲ್ಲವ್ವಾ.”

“ಮ್ಯಾಲ ಹೆಸರು ನಿಮ್ಮದ ಐತಿ.”

ಹೊಳೆವ್ವ ಸಂಘದವರು ತನಗೆ ಹೊದಿಸಿದ್ದ ಶಾಲನ್ನು ಕುರ್ಚಿಯ ಮೇಲಿಟ್ಟು ಹೊರಟಳು. ಹಾಜಿಮಲಂಗ ವೇದಿಕೆ ಹತ್ತಿ ಮೈಕು ಹಿಡಿದು, ಆ ಪುಟ ತಾನು ಬರೆದದ್ದಲ್ಲ ಎಂದ. ಬಾಳಾಸಾಬ ಅದನ್ನು ಮೆಲ್ಲಗೆ ಬಿಡಿಸಿಕೊಂಡು, “ಭಾಯಿಗೆ ವಯಸ್ಸಾಗೇತಿ, ಬರದದ್ದ ಮರತಾರ,” ಎಂದ. ಜನ ನಕ್ಕರು.

ಮರುವಾರ ಕೈಬರಹದ ಪುಟ ಹಿಡಿದು ಹಾಜಿಮಲಂಗ ಮುಗಳಖೋಡಕ್ಕೆ ಹೋದ. ರಾಜೇಶ್ವರಿ ಬಾಗಿಲು ಅರ್ಧ ತೆರೆದಳು.

“ನಿಮ್ಮ ದನಿ ಕೇಳಿದ್ರ ಅವ್ವ ಅನ್ನ ಬಿಡ್ತಾಳ. ಹೋಗ್ರಿ ಕಾಕಾ.”

ಪತ್ರಿಕೆಯ ಮುಂದಿನ ಸಂಚಿಕೆಗೆ ಬೇರೆ ಸಂಪಾದಕರಿದ್ದರು. ಚರಿತ್ರೆ ಬರೆದುಕೊಟ್ಟದ್ದಕ್ಕೆ ಅದರಲ್ಲಿ ಅವನ ಫೋಟೊ ಹಾಕಿ ಧನ್ಯವಾದ ಹೇಳಿದ್ದರು.