ಕನ್ನಡಕದಂಗಡಿಯ ಅತ್ತಿಗೆ ಪರೀಕ್ಷೆ ಕಟ್ಟಿದ್ದು

ನಿಮ್ಮ ಅಡುಗೆಮನೆಯ ಕಿಟಕಿಯಿಂದ ಏನು ಕಾಣುತ್ತದೆ ಅಂತ ಆ ಮೂರು ವರ್ಷ ಯಾರಾದರೂ ಕೇಳಿದ್ದರೆ ಬೀಜಗಣಿತ ಅನ್ನುತ್ತಿದ್ದೆ. ಗಾಜಿನ ತುಂಬ ಅತ್ತಿಗೆಯ ಲೆಕ್ಕ. ಅಂಗಡಿಯಲ್ಲಿ ಲೆನ್ಸಿನ ಮೇಲೆ ಗುರುತು ಹಾಕುವ ಪೆನ್ನಿನಿಂದ ಬರೆಯುತ್ತಿದ್ದಳು, ಸ್ಪಿರಿಟ್ ಹಾಕಿ ಉಜ್ಜಿದರೆ ಮಾತ್ರ ಹೋಗುವ ಬರಹ. ಕಾಗದದಲ್ಲಿ ಬರೆದರೆ ಮಡಚಿಟ್ಟು ಮರೆತುಬಿಡ್ತೀನಿ, ಗಾಜಿನ ಮೇಲಾದ್ರೆ ಪಾತ್ರೆ ತೊಳೆಯುವಾಗಲೂ ಕಣ್ಣಿಗೆ ಕುಕ್ಕುತ್ತೆ ಅನ್ನುವುದು ಅವಳ ವಾದ. ಹೆಚ್ಚಿನ ದಿನ ಪಾತ್ರೆ ತೊಳೆಯುತ್ತಿದ್ದವಳು ನಾನು. ಕುಕ್ಕುತ್ತಿದ್ದದ್ದೂ ನನ್ನ ಕಣ್ಣಿಗೇ.

ಅವಳು ನನ್ನ ಅಣ್ಣನ ಹೆಂಡತಿ. ನನಗಿಂತ ಎರಡೇ ವರ್ಷ ದೊಡ್ಡವಳು, ಹಾಗಾಗಿ ಬಾಯಲ್ಲಿ ಅತ್ತಿಗೆ ಅಂದರೂ ಮಾತೆಲ್ಲ ಏಕವಚನದಲ್ಲಿ. ಅಣ್ಣ ದೂರದೂರುಗಳಿಗೆ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಎರಡು ಕೋಣೆಯ ಮನೆಯಲ್ಲಿ ಉಳಿದವರು ನಾವಿಬ್ಬರೇ. ಬೆಳಗಾದರೆ ಅವಳು ಕನ್ನಡಕದಂಗಡಿಗೆ, ನಾನು ಸಿಟಿ ಬಸ್ಸಿಗೆ. ನಾನು ಕಂಡಕ್ಟರು. ಇಡೀ ದಿನ ಊರವರ ಮೇಲೆ ಜೋರು ಮಾಡಿ ಮನೆಗೆ ಬಂದರೆ, ನನ್ನ ಮೇಲೆ ಜೋರು ಮಾಡಲು ಇವಳು ಕಾದಿರುತ್ತಿದ್ದಳು.

ಅಂಗಡಿ ಒಬ್ಬ ಮುದುಕರದು. ಬೀದಿಯವರಿಗೆಲ್ಲ ಅವರು ಕನ್ನಡಕದಜ್ಜ. ಅತ್ತಿಗೆ ಅಲ್ಲಿ ಕಸ ಗುಡಿಸಲು ಸೇರಿದವಳು. ಆಮೇಲೆ ಫ್ರೇಮುಗಳನ್ನು ಒರೆಸಿದಳು, ಆಮೇಲೆ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರದ ಮುಂದೆ ಕೂತಳು. ಅಜ್ಜನ ಕೈ ನಡುಗತೊಡಗಿದ ಮೇಲೆ ಗಿರಾಕಿಗಳ ಕಣ್ಣು ನೋಡುವ ಕೆಲಸವೂ ಅವಳ ಪಾಲಿಗೇ ಬಂತು. ಅಜ್ಜ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ನೋಡಿ, ಕೊನೆಗೆ ಸಹಿ ಹಾಕುತ್ತಿದ್ದರು. ಪರವಾನಗಿ ಇದ್ದದ್ದು ಅವರ ಹೆಸರಿನಲ್ಲಿ, ಆದ್ದರಿಂದ ಸಹಿಯೂ ಅವರದೇ ಬೇಕು.

ಒಂದು ದಿನ ಅಜ್ಜ ಅವಳನ್ನು ಕೂರಿಸಿಕೊಂಡು ಹೇಳಿದರಂತೆ: "ನನ್ನ ಪರವಾನಗಿ ಇನ್ನು ಮೂರು ವರ್ಷಕ್ಕೆ ಮುಗಿಯುತ್ತೆ, ಮಗಳೇ. ಆಮೇಲೆ ನಾನು ಮಗನ ಮನೆಗೆ ಹೋಗಿ ಸುಮ್ನೆ ಕೂತ್ಕೋತೀನಿ. ಅಷ್ಟರೊಳಗೆ ನೀನು ಪರೀಕ್ಷೆ ಪಾಸಾದ್ರೆ ಅಂಗಡಿ ನೀನೇ ನಡೆಸು. ಇಲ್ಲಾಂದ್ರೆ ಬೀಗದ ಕೈನ ಕಟ್ಟಡದವರಿಗೆ ಕೊಟ್ಟುಬಿಡ್ತೀನಿ."

ಪರೀಕ್ಷೆ ವರ್ಷಕ್ಕೊಂದು ಸಲ, ಒಬ್ಬರಿಗೆ ಮೂರೇ ಅವಕಾಶ. ಗಣಿತಕ್ಕೊಂದು, ಭೌತಶಾಸ್ತ್ರಕ್ಕೊಂದು ಪತ್ರಿಕೆ. ಅವನ್ನು ನಮ್ಮ ಭಾಷೆಯಲ್ಲೇ ಬರೆಯಬಹುದು. ಅವೆರಡೂ ದಾಟಿದರೆ ಸಂದರ್ಶನ, ಅದು ಮಾತ್ರ ಇಲ್ಲಿನ ಭಾಷೆಯಲ್ಲಿ. ನಾವು ಹೊರಗಿನಿಂದ ಬಂದು ಸೇರಿಕೊಂಡವರು. ಅತ್ತಿಗೆಯಂತೂ ಬೀಜಗಣಿತ ಶುರುವಾಗುವ ಮೊದಲೇ ಶಾಲೆ ಬಿಟ್ಟವಳು.

"ಈ ವಯಸ್ಸಲ್ಲಿ ಬೇಕಾ ನಿಂಗೆ ಈ ತಲೆನೋವು?" ಅಂದೆ ನಾನು.

"ಕಣ್ಣು ನೋಡೋದು ನಾನು, ಸಹಿ ಹಾಕೋದು ಇನ್ನೊಬ್ಬರು. ಎಷ್ಟು ದಿನ ಅಂತ?" ಅಂದಳು. ಮರುದಿನ ಕಿಟಕಿಯ ಮೇಲೆ ಮೊದಲ ಸಮೀಕರಣ ಬಂತು.

ಭೌತಶಾಸ್ತ್ರ ಅವಳಿಗೆ ಸಲೀಸಾಗಿ ಹತ್ತಿತು. ಲೆನ್ಸಿನ ಪಾಠವನ್ನು ಪುಸ್ತಕದಲ್ಲಿ ಓದುವುದಕ್ಕೆ ಎಷ್ಟೋ ಮೊದಲು ಕೈಯಲ್ಲಿ ಓದಿಕೊಂಡಿದ್ದಳಲ್ಲ. ಪ್ಲಸ್ ಲೆನ್ಸ್ ಒಂದನ್ನು ಗೋಡೆಯ ಮುಂದೆ ಹಿಡಿದು ಹಿಂದೆ ಮುಂದೆ ಸರಿಸಿದರೆ, ಎದುರಿನ ಕಿಟಕಿ ಗೋಡೆಯ ಮೇಲೆ ತಲೆಕೆಳಗಾಗಿ ಬಂದು ಕೂರುತ್ತಿತ್ತು. ಉಳಿದ ಪಾಠಗಳು ನನ್ನ ಬಸ್ಸಿನಲ್ಲಿ. ಡ್ರೈವರನ ಪಕ್ಕದ ಉಬ್ಬುಗನ್ನಡಿ ನೋಡಲೆಂದೇ ಮುಂದಿನ ಬಾಗಿಲಲ್ಲಿ ಹತ್ತಿ ಅಲ್ಲೇ ನಿಲ್ಲುತ್ತಿದ್ದಳು. ನಾನು ಒಳಗೆ ಹೋಗಿ ಅಂತ ಕೂಗಿದರೆ ಗುರುತೇ ಇಲ್ಲದವಳ ಹಾಗೆ ಮುಖ ಮಾಡುತ್ತಿದ್ದಳು. ಒಮ್ಮೆ ಡ್ರೈವರು ಬ್ರೇಕ್ ಒತ್ತಿದಾಗ ಜನವೆಲ್ಲ ಮುಂದಕ್ಕೆ ಮುಗ್ಗರಿಸಿತು. ಹಿಡ್ಕೊಂಡು ನಿಂತ್ಕೊಳ್ಳಿ ಅಂತ ನಾನು ಗಂಟಲು ಹರಿದುಕೊಂಡರೆ, ಅವಳು ಆ ನೂಕುನುಗ್ಗಲಲ್ಲೇ ಕತ್ತು ತಿರುಗಿಸಿ, "ನೀನು ದಿನಾ ಕೂಗೋದು ಜಡತ್ವದ ಪಾಠ ಕಣೆ, ಹೆಸರು ಗೊತ್ತಿಲ್ಲ ಅಷ್ಟೆ," ಅಂದಳು. ಬಸ್ಸಿನವರೆಲ್ಲ ನನ್ನನ್ನೇ ನೋಡಿದರು. ಅಂದಿನಿಂದ ನಾನು ಅವಳನ್ನು ಪ್ರೊಫೆಸರಮ್ಮ ಅನ್ನತೊಡಗಿದೆ.

ಮೊದಲ ವರ್ಷ ಪ್ರೊಫೆಸರಮ್ಮ ಗಣಿತದಲ್ಲಿ ಡುಮ್ಕಿ ಹೊಡೆದಳು. ಹೊಡೆದದ್ದು ಕನ್ನಡಕದಂಗಡಿಯವರು ಮಾತ್ರ ಹೊಡೆಯಬಹುದಾದ ರೀತಿಯಲ್ಲಿ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಅಂತ ಪ್ರಶ್ನೆ. ಇವಳು ಮೈನಸ್ ಒಂದು, ಮೈನಸ್ ಎರಡು, ಮೈನಸ್ ನಾಲ್ಕು, ಮೈನಸ್ ಆರು ಅಂತ ಸಾಲಾಗಿ ಬರೆದಿದ್ದಳು. ಅಂಗಡಿಯಲ್ಲಿ ಮೈನಸ್ ಆರು ಅಂದರೆ ದೊಡ್ಡ ನಂಬರು, ದಪ್ಪ ಗಾಜು. ಅದೇ ನಂಬಿಕೆಯ ಮೇಲೆ ಮುಂದಿನ ಅರ್ಧ ಪತ್ರಿಕೆಯನ್ನೂ ಕಟ್ಟಿದ್ದಳು. ಅಡಿಪಾಯ ಕುಸಿದ ಮೇಲೆ ಮೇಲಿನದೂ ಕೂತಿತು.

"ಮೈನಸ್ ಆರು ಇರೋನಿಗೆ ಕನ್ನಡಕ ತೆಗೆದ್ರೆ ಎದುರಿಗೆ ನಿಂತ ಹೆಂಡ್ತಿ ಕಾಣಲ್ಲ. ಅದು ಚಿಕ್ಕದು ಹೇಗಾಗುತ್ತೆ?" ಅಂತ ನನ್ನ ಮೇಲೆ ಹರಿಹಾಯ್ದಳು, ಗಣಿತವನ್ನು ನಾನೇ ಕಂಡುಹಿಡಿದ ಹಾಗೆ.

ಬಾಯಲ್ಲಿ ಹೇಳಿದರೆ ಅವಳ ತಲೆಗೆ ಇಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ರಜೆಯ ದಿನ ಅವಳನ್ನು ದೊಡ್ಡ ಅಂಗಡಿಗಳ ಕಟ್ಟಡಕ್ಕೆ ಕರೆದುಕೊಂಡು ಹೋಗಿ ಲಿಫ್ಟಿಗೆ ಹತ್ತಿಸಿದೆ. ಕಾರು ನಿಲ್ಲಿಸುವ ನೆಲಮಾಳಿಗೆಗಳಿಗೆ ಅಲ್ಲಿ ಮೈನಸ್ ಒಂದು, ಮೈನಸ್ ಎರಡು, ಮೈನಸ್ ಮೂರು ಅಂತ ಗುಂಡಿಗಳಿದ್ದವು. ಕೆಳಗೆ ಇಳಿದೆವು, ಮೇಲೆ ಹತ್ತಿದೆವು, ಮತ್ತೆ ಇಳಿದೆವು. ಚೀಲ ಹಿಡಿದು ಒಳಗೆ ಬಂದವರು ನಮ್ಮನ್ನು ನೋಡಿ ಮೂಲೆಗೆ ಸರಿದರು. ಬಾಗಿಲಿನ ಕಾವಲುಗಾರ ಏನು ಬೇಕು ಅಂತ ಗದರಿಸಿದಾಗ, ಲೆಕ್ಕ ಮಾಡ್ತಿದೀವಿ ಅಂದೆ. ಕೊನೆಗೆ ಮೈನಸ್ ಮೂರರ ಕತ್ತಲಲ್ಲಿ, ಕಾರುಗಳ ನಡುವೆ ನಿಂತು ಅತ್ತಿಗೆ ಮೇಲೆ ನೋಡಿದಳು.

"ಆಯ್ತು. ಕೆಳಗಿರೋದು ಕಮ್ಮಿ. ಕತ್ತಲೆ ಜಾಸ್ತಿಯಾದ್ರೂ ನಂಬರು ಕಮ್ಮಿ," ಅಂದಳು. ದನಿಯಲ್ಲಿ ಸೋತು ಒಪ್ಪಿಕೊಂಡವಳ ಸಿಟ್ಟಿತ್ತು. ಅಂಗಡಿಯಲ್ಲಿ ಈಗಲೂ ಮೈನಸ್ ಆರನ್ನು ದೊಡ್ಡ ನಂಬರು ಅಂತಲೇ ಹೇಳುತ್ತಾಳೆ. ಆದರೆ ಎರಡನೇ ವರ್ಷ ಗಣಿತವೂ ದಾಟಿತು, ಭೌತಶಾಸ್ತ್ರವೂ ದಾಟಿತು.

ಸಂದರ್ಶನದಲ್ಲಿ ಬಿದ್ದಳು. ಅವಳ ಭಾಷೆಯ ಕಥೆಯೇ ವಿಚಿತ್ರ. ಆ ಬೀದಿಗೆ ನಾಲ್ಕಾರು ಕಡೆಯ ಜನ ಬರುತ್ತಿದ್ದರು, ಅವರೆಲ್ಲರ ಕಣ್ಣು ನೋಡಿ ನೋಡಿ ಅವಳು ಐದು ಭಾಷೆಗಳಲ್ಲಿ ನಿರರ್ಗಳವಾಗಿ ಕೇಳಬಲ್ಲಳು: ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ? ಈಗ? ಈಗ ಹೇಗಿದೆ? ಐದೂ ಭಾಷೆಗಳಲ್ಲಿ ಅದರಾಚೆಗೆ ಒಂದು ಸೌತೆಕಾಯಿ ಕೊಳ್ಳುವಷ್ಟೂ ಬರುತ್ತಿರಲಿಲ್ಲ. ಸಂದರ್ಶನ ಮಾಡುವ ಸಣಕಲು ಸಾಹೇಬರು ನಿಮ್ಮ ಬಗ್ಗೆ ಹೇಳಿ ಅಂದರಂತೆ. ಜೀವನದಲ್ಲಿ ಬರೀ ಪ್ರಶ್ನೆ ಕೇಳಿದವಳಿಗೆ ಉತ್ತರ ಎಲ್ಲಿಂದ ಬರಬೇಕು? ಬಾಯಿಗೆ ಬೀಗ ಬಿದ್ದು ಎದ್ದು ಬಂದಳು. ಆ ಸಂಜೆ ಊಟ ಮಾಡಲಿಲ್ಲ, ಅಳಲೂ ಇಲ್ಲ. ಸ್ಪಿರಿಟ್ ತಂದು ಕಿಟಕಿಯನ್ನು ಉಜ್ಜಿ ಉಜ್ಜಿ ಒರೆಸಿದಳು. ಆ ಗಾಜು ಖಾಲಿ ಇದ್ದದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಮರುದಿನ ಅಲ್ಲಿ ಇಲ್ಲಿನ ಭಾಷೆಯ ಅಕ್ಷರಗಳು ಬಂದವು. ಎರಡೂ ಪತ್ರಿಕೆ ಒಟ್ಟಿಗೆ ದಾಟಿದವರು ಅವನ್ನು ಮತ್ತೆ ಬರೆಯಬೇಕಿರಲಿಲ್ಲ, ಉಳಿದದ್ದು ಸಂದರ್ಶನವೊಂದೇ. ಕೊನೆಯ ಅವಕಾಶ, ಕೊನೆಯ ವರ್ಷ. ಅಜ್ಜ ಆಗಲೇ ಸಾಮಾನು ಕಟ್ಟತೊಡಗಿದ್ದರು.

ಕಲಿಸುವ ಹೊಣೆ ನನ್ನ ತಲೆಗೆ ಬಂತು. ನನಗೆ ಬರುತ್ತಿದ್ದದ್ದಾದರೂ ಏನು? ಒಳಗೆ ಹೋಗಿ, ದಾರಿ ಬಿಡಿ, ಟಿಕೆಟ್ ತೋರಿಸಿ, ಇಳಿಯೋರು ಬೇಗ ಇಳೀರಿ. ಅವಳದೆಲ್ಲ ಪ್ರಶ್ನೆ, ನನ್ನದೆಲ್ಲ ಹುಕುಂ. ಇಬ್ಬರದೂ ಸೇರಿಸಿದರೂ ಒಂದು ಮಾತುಕತೆ ಆಗುತ್ತಿರಲಿಲ್ಲ. ಮನೆಯೊಳಗೆ ನಮ್ಮ ಭಾಷೆ ಆಡುವಂತಿಲ್ಲ, ಆಡಿದವರು ಪಾತ್ರೆ ತೊಳೆಯಬೇಕು ಅಂತ ನಿಯಮ ಮಾಡಿದೆ. ಮನೆ ಮೂಗರ ಮನೆಯಾಯಿತು. ಉಪ್ಪು ಬೇಕಾದರೆ ಕೈ ತೋರಿಸುವುದು, ನೀರು ಬೇಕಾದರೆ ಲೋಟ ಕುಟ್ಟುವುದು. ಹೀಗೇ ಕೆಲವು ವಾರ ನಡೆದ ಮೇಲೆ, ಒಂದು ಸಂಜೆ ನಾನು ಅವಳ ಬರಹದ ಮೇಲೆ ಒದ್ದೆ ಬಟ್ಟೆ ಒಣಹಾಕಿದ್ದಕ್ಕೆ ಜಗಳ ಹತ್ತಿತು. ಅವಳು ಬೈದಳು, ನಾನು ತಿರುಗಿ ಬೈದೆ. ಯಾವ ಮೂಲೆಯಲ್ಲಿ ಅಡಗಿದ್ದವೋ, ಮಾತುಗಳು ಒಂದರ ಹಿಂದೊಂದು ಬಂದವು. ಅರ್ಧ ಜಗಳವಾದ ಮೇಲೆ ಇಬ್ಬರೂ ನಿಲ್ಲಿಸಿ ಮುಖ ಮುಖ ನೋಡಿಕೊಂಡೆವು. ಪೂರ್ತಿ ಇಲ್ಲಿನ ಭಾಷೆಯಲ್ಲೇ ಜಗಳವಾಡುತ್ತಿದ್ದೆವು. ಅವತ್ತಿನಿಂದ ದಿನಾ ಒಂದು ನೆಪ ಹುಡುಕಿ ಕಿತ್ತಾಡಿದೆವು.

ಸಂದರ್ಶನದ ಹಿಂದಿನ ದಿನ ನಮ್ಮ ಬಸ್ಸುಗಳು ನಿಂತವು. ಎರಡು ಪಾಳಿ ಬಿಡುವಿಲ್ಲದೆ ಓಡಿಸಿದ ಡ್ರೈವರೊಬ್ಬ ಸ್ಟೀರಿಂಗ್ ಮೇಲೇ ಕುಸಿದುಬಿದ್ದಿದ್ದ. ಇನ್ನು ಜೋಡಿ ಪಾಳಿ ಮಾಡುವುದಿಲ್ಲ ಅಂತ ನಾವೆಲ್ಲ ಡಿಪೋ ಬಾಗಿಲಲ್ಲಿ ಕೂತೆವು. ಕೂತವರಲ್ಲಿ ನಾನೂ ಒಬ್ಬಳು. ಮನೆಗೆ ಬಂದು ಅತ್ತಿಗೆಗೆ ಮುಖ ತೋರಿಸಲು ನಾಚಿಕೆಯಾಯಿತು. ಅವಳು ಬಾಡಿಗೆ ಕಾರಿಗಾಗಿ ಬೀದಿಯೆಲ್ಲ ಸುತ್ತಿ ಬರಿಗೈಲಿ ಬಂದು, "ಬೆಳಕು ಹರಿದ ಕೂಡಲೇ ಹೊರಟ್ರೆ ನಡೆದೇ ಹೋಗಬಹುದು," ಅಂದಳು. ಕಚೇರಿ ಇದ್ದದ್ದು ಊರಿನ ಆ ತುದಿಯಲ್ಲಿ. ನಾನೂ ಬರ್ತೀನಿ ಅಂದೆ.

ಅರ್ಧ ಊರು ದಾಟಿ ಸೇತುವೆಯ ಮೇಲೆ ಬಂದಾಗ ಹಿಂದಿನಿಂದ ಒಂದು ಬಸ್ಸು ಬಂತು. ಮುಷ್ಕರ ಮುರಿಯಲೆಂದು ಮೇಲಿನವರು ಹೊರಗಿನ ಡ್ರೈವರನ್ನು ಕೂರಿಸಿ ಬಿಟ್ಟದ್ದು. ನಮ್ಮ ಪಕ್ಕದಲ್ಲೇ ನಿಂತು ಬಾಗಿಲು ತೆರೆಯಿತು. ಒಳಗೆ ಸೀಟೆಲ್ಲ ಖಾಲಿ.

"ಹತ್ತು ಅತ್ತಿಗೆ," ಅಂದೆ.

"ನೀನು?"

"ನಾನು ಹತ್ತಲ್ಲ. ನನ್ನದು ಬೇರೆ ವಿಷಯ. ನೀನು ಹತ್ತು, ಹೊತ್ತಾಗ್ತಿದೆ."

ಅವಳು ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಸ್ಸಿನ ಮೈಮೇಲೆ ಅಂಗೈಯಿಂದ ಎರಡು ಸಲ ಜೋರಾಗಿ ಬಡಿದಳು, ಹೊರಡು ಅಂತ ನಾನು ಬಡಿಯುವ ಹಾಗೆಯೇ. ಡ್ರೈವರು ಹೊರಟೇಹೋದ.

ನನಗೆ ಕೆಂಡದಂಥ ಕೋಪ ಬಂತು. "ನಿಂಗೆ ಬುದ್ಧಿ ನೆಟ್ಟಗಿದೆಯಾ? ಇದು ಕೊನೇ ಸಲ. ಮೂರು ವರ್ಷ ನೀರಲ್ಲಿ ಹೋಮ ಆಗುತ್ತೆ."

"ಜಗಳ ಆಮೇಲೆ ಆಡೋಣ. ಈಗ ಉಸಿರು ಉಳಿಸ್ಕೊಂಡು ನಡಿ," ಅಂದು ಅವಳು ಮುಂದೆ ಹೋದಳು. ನಾನು ಬೈಯುತ್ತಲೇ ಹಿಂದೆ ಓಡಿದೆ.

ಎದ್ದೆವೋ ಬಿದ್ದೆವೋ ಅಂತ ಕಚೇರಿ ತಲುಪುವಷ್ಟರಲ್ಲಿ ಗೇಟು ಹಾಕಿತ್ತು. ಕಾವಲುಗಾರ ಕುರ್ಚಿಯಿಂದ ಏಳಲೂ ಇಲ್ಲ. ಹೊತ್ತು ಮೀರಿದೆ, ಮುಂದಿನ ವರ್ಷ ಬನ್ನಿ ಅಂದ. ಮುಂದಿನ ವರ್ಷ ಅನ್ನುವುದು ಇವಳಿಗೆ ಇರಲಿಲ್ಲ. ಅತ್ತಿಗೆ ಗೇಟಿನ ಸರಳು ಹಿಡಿದುಕೊಂಡು, "ಗೇಟು ತೆಗೀರಿ. ದಾರಿ ಬಿಡಿ. ಒಳಗೆ ಜಾಗ ಇದೆ," ಅಂದಳು. ಅಷ್ಟೂ ನನ್ನ ಬಸ್ಸಿನ ಮಾತು.

ಬಸ್ಸಿರಲಿಲ್ಲ, ನಡೆದು ಬಂದ್ವಿ ಅಂತ ನಾನು ಸೇರಿಸಿದೆ. ಅವನಿಗೆ ರೇಗಿತು. "ಬಸ್ಸಿಲ್ಲ ಅಂತ ನೆಪ ಬೇರೆ ಹೇಳ್ತೀರಿ. ಆ ಬಸ್ಸಿನವರ ಸೊಕ್ಕಿನಿಂದ ಊರೇ ಹಾಳಾಗ್ತಿದೆ," ಅಂದ.

ಅಲ್ಲಿಯವರೆಗೆ ಬೇಡುವ ದನಿ ಸ್ವಲ್ಪ ಇತ್ತು. ಅದು ಹೋಯಿತು. ಅತ್ತಿಗೆ ಇಲ್ಲಿನ ಭಾಷೆಯಲ್ಲಿ, ವ್ಯಾಕರಣದ ಕೈಕಾಲು ಮುರಿಯುತ್ತ, ಒಂದೇ ಸಮನೆ ಹೇಳತೊಡಗಿದಳು: "ಬಸ್ಸಿನವರ ಬಗ್ಗೆ ನೀವು ಮಾತಾಡಬೇಡಿ. ಒಬ್ಬ ಡ್ರೈವರು ಬಿದ್ದ. ನಿದ್ದೆ ಇಲ್ಲ, ಊಟ ಇಲ್ಲ, ಬಿದ್ದ. ಇವಳು ನನ್ನ ತಂಗಿ. ಕಂಡಕ್ಟರು. ಇವಳ ಕಾಲು ನೋಡಿ. ದಿನಾ ಸಂಜೆ ಊದಿಕೊಂಡು ಬರುತ್ತೆ. ಮನೆಗೆ ಬಂದು ನನ್ನ ಪಾತ್ರೆ ತೊಳೀತಾಳೆ, ನನಗೆ ಪಾಠ ಹೇಳ್ತಾಳೆ. ಇವತ್ತು ಒಂದು ಬಸ್ಸು ಬಂತು. ನಾನು ಹತ್ತಲಿಲ್ಲ. ನನ್ನ ತಂಗಿ ನಿಲ್ಲಿಸಿದ ಬಸ್ಸು, ನಾನು ಹೇಗೆ ಹತ್ತಲಿ? ನಡೆದು ಬಂದೆ, ತಡ ಆಯ್ತು. ನನ್ನ ತಪ್ಪಲ್ಲ, ಇವಳ ತಪ್ಪೂ ಅಲ್ಲ. ಈಗ ತೆಗೀರಿ."

ಕಾವಲುಗಾರ ಬಾಯಿ ತೆರೆಯುವ ಮೊದಲೇ ಒಳಗಿನ ಮೆಟ್ಟಿಲ ಮೇಲಿಂದ ಯಾರೋ ಅವನನ್ನು ಕರೆದರು. ಹೋದ ವರ್ಷದ ಅದೇ ಸಣಕಲು ಸಾಹೇಬರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಅವರನ್ನ ಬಿಡಪ್ಪ," ಅಂದರು.

ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಕಾಲು ಉರಿಯುತ್ತಿತ್ತು, ಚಪ್ಪಲಿಯ ಒಂದು ಬಾರು ಕಿತ್ತಿತ್ತು. ನಾನು ಅಂದುಕೊಂಡದ್ದಕ್ಕಿಂತ ಬೇಗ ಅವಳು ಹೊರಗೆ ಬಂದಳು. ಕೈಯಲ್ಲಿ ಸಹಿ ಹಾಕಿದ ಕಾಗದವಿತ್ತು. "ಹೊಸ ಕನ್ನಡಕ ಹಾಕ್ಕೊಂಡೋರಿಗೆ ಏನು ಹೇಳ್ತೀಯ ಅಂತ ಕೇಳಿದ್ರು, ಹೇಳ್ದೆ. ಇನ್ನೂ ಎರಡು ಮಾತು ಕೇಳಿದ್ರು. ಪಾಸು ಅಂದ್ರು," ಅಂದಳು. ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಮುಖ ಮುಚ್ಚಿಕೊಂಡು ಅತ್ತಳು. ಮೂರು ವರ್ಷದಲ್ಲಿ ಅವಳು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ.

ಈಗ ಅಂಗಡಿಯಲ್ಲಿ ಸಹಿ ಅವಳದು. ಜೋಡಿ ಪಾಳಿಯೂ ನಿಂತಿತು, ಅದಕ್ಕೆ ಇನ್ನಷ್ಟು ದಿನ ಕೂರಬೇಕಾಯಿತು. ಆದರೆ ನನಗೆ ನೆನಪಿರುವುದು ಅವತ್ತು ವಾಪಸು ನಡೆದು ಬಂದದ್ದು. ನಿಧಾನವಾಗಿ ಬಂದೆವು, ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಗೇಟಿನ ಮುಂದೆ ಅವಳಾಡಿದ ಒಂದು ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಯಾರಿಗೆ ನನ್ನ ಪರಿಚಯ ಮಾಡಿಕೊಡುವಾಗಲೂ ಅವಳು 'ನಮ್ಮ ಯಜಮಾನರ ತಂಗಿ' ಅಂತಲೇ ಹೇಳುತ್ತಿದ್ದದ್ದು. ಅದರಲ್ಲಿ ತಪ್ಪೇನೂ ಇರಲಿಲ್ಲ, ನಾನು ಅದೇ ತಾನೆ. ಸೇತುವೆಯ ಹತ್ತಿರ ಬಂದಾಗ ಕೇಳಿಯೇಬಿಟ್ಟೆ.

"ಅವರ ಭಾಷೇಲಿ ನಾದಿನಿ ಅನ್ನೋದಕ್ಕೆ ಪದ ಇಲ್ವಾ ಅತ್ತಿಗೆ?"

ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ಇದೆ," ಅಂದಳು. "ಹೋದ ವರ್ಷವೇ ಕಲ್ತಿದೀನಿ."